ಪಿತ್ತಕೋಶದ ನೋವಿನಲ್ಲಿ ಕಣ್ಮುಚ್ಚಿದ ಅಂಗರಚನಾ ಪಂಡಿತ: ಧನ್ಯ ನಿಕೊಲಾಸ್ ಸ್ಟೆನೊ



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡವರು ಒಬ್ಬರಾದರೂ ಇದ್ದೇ ಇರುತ್ತಾರೆ. ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಇದು ಈಗ ದಿನನಿತ್ಯದ ಮಾತು. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು, ಒಂದು ಸ್ಕ್ಯಾನಿಂಗ್, ಹೊಟ್ಟೆಯ ಮೇಲೆ ಮೂರೋ ನಾಲ್ಕೋ ಸಣ್ಣ ರಂಧ್ರ, ಒಂದೆರಡು ದಿನದಲ್ಲಿ ಮನೆ. ಮುಂದಿನ ಭಾನುವಾರವೋ ಅದರ ಮುಂದಿನದೋ, ಅವರು ಪೂಜೆಗೆ ಬಂದು ನಿಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ. ಇಂಥದೇ ನೋವಿನಿಂದ, ತನ್ನ 48ನೆಯ ವಯಸ್ಸಿನಲ್ಲಿ, ಯಾರೂ ಏನೂ ಮಾಡಲಾಗದೆ ಕಣ್ಣುಮುಚ್ಚಿದ ಒಬ್ಬ ಧರ್ಮಾಧ್ಯಕ್ಷರ ಕಥೆಯನ್ನು ಇಂದು ಹೇಳುತ್ತೇನೆ. ಅವರು ಬರೀ ಧರ್ಮಾಧ್ಯಕ್ಷರಲ್ಲ. ಮನುಷ್ಯನ ಒಡಲೊಳಗಿನ ಗ್ರಂಥಿಗಳನ್ನೂ ನಾಳಗಳನ್ನೂ ಆ ಕಾಲದಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 1638ರ ಜನವರಿಯಲ್ಲಿ, ಒಬ್ಬ ಅಕ್ಕಸಾಲಿಗನ ಮನೆಯಲ್ಲಿ ನೀಲ್ಸ್ ಸ್ಟೆನ್ಸನ್ ಹುಟ್ಟಿದ. ಲ್ಯಾಟಿನ್ ಭಾಷೆಯಲ್ಲಿ ಅದೇ ಹೆಸರು ನಿಕೊಲಾಸ್ ಸ್ಟೆನೊ ಆಯಿತು. ತಂದೆ ಅರಮನೆಗೂ ಚಿನ್ನದ ಕೆಲಸ ಮಾಡಿಕೊಡುತ್ತಿದ್ದವರು. ಮನೆಯವರೆಲ್ಲ ಲೂಥರನ್ ಪಂಥದವರು. ಮೂರು ವರ್ಷದ ಮಗುವಿಗೆ ಯಾವುದೋ ಕಾಯಿಲೆ ಹತ್ತಿಕೊಂಡು ಮೂರು ವರ್ಷ ಬಿಡಲಿಲ್ಲ. ಓರಗೆಯ ಮಕ್ಕಳೊಡನೆ ಆಟವಿಲ್ಲ. ಹಾಸಿಗೆಯ ಸುತ್ತ ಕುಳಿತ ಹಿರಿಯರ ಮಾತು ಕೇಳಿಕೊಂಡೇ ಬೆಳೆದ. ಕಾಯಿಲೆ ವಾಸಿಯಾಗುವ ಹೊತ್ತಿಗೆ ತಂದೆ ತೀರಿಕೊಂಡಿದ್ದರು. ಶಾಲೆಗೆ ಹೋಗುವ ದಿನಗಳಲ್ಲಿ ಊರಿಗೆ ಪ್ಲೇಗ್ ಬಂತು. ಅವನ ಶಾಲೆಯೊಂದರಲ್ಲೇ ಸುಮಾರು 240 ಮಕ್ಕಳು ಸತ್ತರೆಂದು ಲೆಕ್ಕವಿದೆ. ಸಾವನ್ನು ಇಷ್ಟು ಹತ್ತಿರದಿಂದ ನೋಡಿದ ಹುಡುಗ ವೈದ್ಯನಾಗಲು ಹೊರಟದ್ದರಲ್ಲಿ ಆಶ್ಚರ್ಯವಿಲ್ಲ.

ವಿಶ್ವವಿದ್ಯಾಲಯದಲ್ಲಿ ಅವರ ಗುರು ಥಾಮಸ್ ಬಾರ್ಥೊಲಿನ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಪಿತ್ತಜನಕಾಂಗದ, ಅಂದರೆ ನಾವು ಲಿವರ್ ಎನ್ನುವ ಅಂಗದ ಕಥೆ ಇಲ್ಲಿಂದಲೇ ತಿರುವು ಪಡೆಯುತ್ತದೆ. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್, ನಾವು ಉಂಡ ಅನ್ನದ ಸಾರ ಲಿವರಿಗೆ ಹೋಗಿ ಅಲ್ಲಿ ರಕ್ತವಾಗುತ್ತದೆ ಎಂದು ಬರೆದಿಟ್ಟಿದ್ದ. ಸಾವಿರದ ನಾನ್ನೂರು ವರ್ಷ ಜನ ಅದನ್ನೇ ಪಾಠ ಮಾಡಿದರು. ಬಾರ್ಥೊಲಿನ್ 1650ರ ದಶಕದ ಆರಂಭದಲ್ಲಿ ದೇಹದ ದುಗ್ಧರಸ ನಾಳಗಳನ್ನು ಹುಡುಕುತ್ತ ಹೋಗಿ, ಆಹಾರದ ಸಾರವು ಲಿವರಿಗೆ ಹೋಗದೆ ಎದೆಯ ನಾಳದ ಮೂಲಕ ನೇರವಾಗಿ ರಕ್ತಕ್ಕೆ ಸೇರುತ್ತದೆ ಎಂದು ಸಾರಿದರು. ರಾಜನಂತಿದ್ದ ಲಿವರ್ ಸಿಂಹಾಸನದಿಂದ ಇಳಿಯಿತು. ಬಾರ್ಥೊಲಿನ್ ತಮಾಷೆಗೆ ಅದಕ್ಕೊಂದು ಸಮಾಧಿ ಲೇಖನವನ್ನೂ ಬರೆದರು! (ಪಾಪ, ಲಿವರ್ ಅಷ್ಟು ಬೇಗ ಸಾಯುವಂಥದಲ್ಲ ಎಂಬುದು ಆಮೇಲೆ ತಿಳಿಯಿತು. ಕರುಳಿನಿಂದ ಹೊರಟ ರಕ್ತ ಮೊದಲು ಹೋಗುವುದು ಲಿವರಿಗೇ. ಗುರುವಿನದೂ ಅರ್ಧ ಸತ್ಯವೇ ಆಗಿತ್ತು.)

ಹಳೆಯ ಗ್ರಂಥದಲ್ಲಿದೆ ಎಂದ ಮಾತ್ರಕ್ಕೆ ಒಪ್ಪಬೇಡ, ಕೊಯ್ದು ನೋಡು ಎಂಬ ಈ ಪಾಠವನ್ನು ಶಿಷ್ಯ ಚೆನ್ನಾಗಿ ಕಲಿತರು. 1660ರಲ್ಲಿ ಹಾಲೆಂಡಿನ ಆಂಸ್ಟರ್‌ಡ್ಯಾಮಿಗೆ ಹೋದರು. ಏಪ್ರಿಲ್ 7ರಂದು ಒಂದು ಕುರಿಯ ತಲೆಯನ್ನು ಇಟ್ಟುಕೊಂಡು ಕೊಯ್ಯುತ್ತಿದ್ದಾಗ, ಕೆನ್ನೆಯ ಬಳಿ ಒಂದು ಸಣ್ಣ ನಾಳ ಕಾಣಿಸಿತು. ಸಣ್ಣ ಸಲಾಕೆ ತೂರಿಸಿದರೆ ಅದು ಒಳಗೆ ಹೋಗಿ ಹಲ್ಲಿಗೆ ತಾಗಿ ಟಣ್ ಎಂದಿತು. ಕಿವಿಯ ಕೆಳಗಿನ ಗ್ರಂಥಿಯಿಂದ ಬಾಯಿಗೆ ಜೊಲ್ಲು ತರುವ ನಾಳ ಅದು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು ಸ್ಟೆನೊ ಅವರ ಹೆಸರಿನಿಂದಲೇ ಕಲಿಯುತ್ತಾರೆ. ಆಗ ಅವರಿಗೆ 22 ವರ್ಷ. ಮನೆಯಲ್ಲಿ ಇರಿಸಿಕೊಂಡಿದ್ದ ಪ್ರಾಧ್ಯಾಪಕರು ಮೊದಲು ಅದೇನೂ ಅಲ್ಲ ಎಂದು ತಳ್ಳಿಹಾಕಿ, ಆಮೇಲೆ ಅದು ತಮ್ಮದೇ ಸಂಶೋಧನೆ ಎಂದು ಹಕ್ಕು ಸಾಧಿಸಲು ಹೊರಟರು. ದೊಡ್ಡ ಜಗಳವೇ ಆಯಿತು. ಸ್ಟೆನೊ ಆ ಜಗಳಕ್ಕೆ ಉತ್ತರವಾಗಿ ಇನ್ನಷ್ಟು ಗ್ರಂಥಿಗಳನ್ನು ಕೊಯ್ದು, ಕಣ್ಣೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ತೋರಿಸಿ 1662ರಲ್ಲಿ ಪುಸ್ತಕ ಬರೆದರು. ಕಣ್ಣೀರು ಮಿದುಳಿನಿಂದ ಸೋರುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಇದಕ್ಕೂ ನಮ್ಮ ಪಿತ್ತಕೋಶಕ್ಕೂ ಏನು ಸಂಬಂಧ ಎನ್ನುತ್ತೀರಾ? ಇದೆ. ಒಂದೊಂದು ಗ್ರಂಥಿಗೂ ಅದರದೇ ರಸ, ಆ ರಸಕ್ಕೆ ಅದರದೇ ದಾರಿ ಎಂಬ ತಿಳಿವಳಿಕೆ ಇಲ್ಲದೆ ಇವತ್ತಿನ ಯಾವ ಶಸ್ತ್ರಚಿಕಿತ್ಸಕರೂ ಪಿತ್ತನಾಳದ ಹತ್ತಿರ ಕತ್ತರಿ ಒಯ್ಯಲಾರರು. ಸ್ಟೆನೊ ಲೈಡನ್ ನಗರದಲ್ಲಿ ಓದುತ್ತಿದ್ದಾಗ ಅವರ ಗೆಳೆಯನಾಗಿದ್ದ ರೈನಿಯರ್ ಡಿ ಗ್ರಾಫ್ 1664ರಲ್ಲಿ ನಾಯಿಯ ಮೇದೋಜೀರಕ ಗ್ರಂಥಿಯಿಂದ ರಸವನ್ನು ಸಂಗ್ರಹಿಸಿ ತೋರಿಸಿದ. ಇಟಲಿಯ ಇನ್ನೊಬ್ಬ ಸ್ನೇಹಿತ ಮಾಲ್ಪೀಗಿ, ಪಿತ್ತ ಹುಟ್ಟುವುದು ಪಿತ್ತಕೋಶದಲ್ಲಲ್ಲ, ಲಿವರಿನಲ್ಲಿ ಎಂದು ಖಚಿತಪಡಿಸಿದ. ಪಿತ್ತಕೋಶ ಒಂದು ಸಣ್ಣ ಚೀಲ ಅಷ್ಟೆ. ಪಿತ್ತವನ್ನು ಕೂಡಿಟ್ಟು, ಗಟ್ಟಿ ಮಾಡಿ, ನಾವು ಜಿಡ್ಡಿನದು ತಿಂದಾಗ ಕರುಳಿಗೆ ಬಿಡುತ್ತದೆ. ಈ ಗೆಳೆಯರ ಕೂಟವೇ ಲಿವರ್, ಪಿತ್ತಕೋಶ, ಮೇದೋಜೀರಕ ಈ ಮೂರರ ನಕ್ಷೆ ಬರೆಯುತ್ತಿತ್ತು.

1664ರಲ್ಲಿ ಸ್ಟೆನೊ ಇನ್ನೊಂದು ಮಾತು ಹೇಳಿದರು. ಹೃದಯ ಒಂದು ಸ್ನಾಯು, ಮತ್ತೇನೂ ಅಲ್ಲ ಎಂದು. ಹೃದಯವೆಂದರೆ ಆತ್ಮದ ಪೀಠ, ಶಾಖದ ಒಲೆ ಎಂದುಕೊಂಡಿದ್ದವರಿಗೆ ಇದು ಕಹಿಯಾಯಿತು. ಮುಂದಿನ ವರ್ಷ ಪ್ಯಾರಿಸಿನಲ್ಲಿ ಮಿದುಳಿನ ಬಗ್ಗೆ ಉಪನ್ಯಾಸ ಕೊಟ್ಟು, ದೊಡ್ಡ ತತ್ವಜ್ಞಾನಿ ಡೆಕಾರ್ಟ್ ಹೇಳಿದ್ದ ಮಿದುಳು ಕಾಗದದ ಮೇಲಿನದು, ತಲೆಬುರುಡೆಯೊಳಗಿನದಲ್ಲ ಎಂಬುದನ್ನು ಸಮಾಧಾನವಾಗಿಯೇ ತೋರಿಸಿಕೊಟ್ಟರು.

1666ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಬಂದರು. ಮೆದಿಚಿ ಮನೆತನದ ಅರಸರು ಅವರನ್ನು ಆದರಿಸಿ, ಸಾಂತಾ ಮರಿಯಾ ನೋವಾ ಆಸ್ಪತ್ರೆಯಲ್ಲಿ ಕೆಲಸ ಕೊಟ್ಟರು. ಅದೇ ವರ್ಷ ಲಿವೋರ್ನೊ ತೀರದಲ್ಲಿ ಸಿಕ್ಕಿದ ದೊಡ್ಡ ಶಾರ್ಕ್ ಮೀನಿನ ತಲೆ ಅವರ ಮೇಜಿಗೆ ಬಂತು. ಅದರ ಹಲ್ಲುಗಳನ್ನು ನೋಡಿ, ಬೆಟ್ಟದ ಕಲ್ಲಿನೊಳಗೆ ಸಿಗುವ ನಾಲಿಗೆಯಾಕಾರದ ಕಲ್ಲುಗಳು ಹಿಂದೊಮ್ಮೆ ಶಾರ್ಕಿನ ಹಲ್ಲುಗಳೇ ಆಗಿದ್ದವು ಎಂದರು. ಅಲ್ಲಿಂದ ಮುಂದೆ ಯೋಚಿಸಿ, ಭೂಮಿಯ ಪದರಗಳಲ್ಲಿ ಕೆಳಗಿನದು ಮೊದಲಿನದು, ಮೇಲಿನದು ನಂತರದ್ದು ಎಂಬ ನಿಯಮವನ್ನು 1669ರಲ್ಲಿ ಬರೆದರು. ಭೂವಿಜ್ಞಾನಕ್ಕೆ ಅಡಿಪಾಯ ಹಾಕಿದವರು ಎಂದೇ ಜಗತ್ತು ಅವರನ್ನು ಹೆಚ್ಚಾಗಿ ನೆನೆಯುತ್ತದೆ. ಜಯನಗರದ ಮಗ್ಗುಲಲ್ಲೇ ಇರುವ ಲಾಲ್‌ಬಾಗಿನ ಬಂಡೆಯನ್ನು ಹತ್ತುವಾಗ, ಅದು ಸುಮಾರು 300 ಕೋಟಿ ವರ್ಷ ಹಳೆಯದೆಂದು ಮಕ್ಕಳಿಗೆ ಹೇಳುತ್ತೀರಲ್ಲ, ಕಲ್ಲಿಗೂ ಒಂದು ಚರಿತ್ರೆ ಇದೆ, ಅದನ್ನು ಓದಬಹುದು ಎಂದು ಮೊದಲು ಕಲಿಸಿಕೊಟ್ಟವರಲ್ಲಿ ಇವರೂ ಒಬ್ಬರು.

ಆಸ್ಪತ್ರೆಯ ಔಷಧಾಲಯವನ್ನು ನೋಡಿಕೊಳ್ಳುತ್ತಿದ್ದವರು ಮರಿಯಾ ಫ್ಲಾವಿಯಾ ಎಂಬ ಕನ್ಯಾಸ್ತ್ರೀ. ಔಷಧಿ ತರಲು ಹೋಗುತ್ತಿದ್ದ ಈ ಯುವ ವೈದ್ಯರಿಗೆ ಅವರು ಔಷಧಿಯ ಜೊತೆಗೆ ವಿಶ್ವಾಸದ ಮಾತನ್ನೂ ಆಡುತ್ತಿದ್ದರು. ಅದಕ್ಕೂ ಮೊದಲು ಲಿವೋರ್ನೊದಲ್ಲಿ ಪರಮಪ್ರಸಾದದ ಮೆರವಣಿಗೆ ಕಂಡು ಸ್ಟೆನೊ ಅವರ ಮನಸ್ಸು ಅಲ್ಲಾಡಿತ್ತು. ಹಾಗೆಂದು ಭಾವಾವೇಶದಲ್ಲಿ ನಿರ್ಧಾರ ಮಾಡುವ ಜಾಯಮಾನ ಅವರದಲ್ಲ. ಹಳೆಯ ಧರ್ಮಪಿತೃಗಳ ಬರಹಗಳನ್ನು ಮೂಲಭಾಷೆಯಲ್ಲೇ ಓದಿ, ನಾಳಗಳನ್ನು ಪರೀಕ್ಷಿಸಿದಷ್ಟೇ ಜಾಗ್ರತೆಯಿಂದ ಪರೀಕ್ಷಿಸಿದರು. 1667ರ ನವೆಂಬರ್‌ನಲ್ಲಿ, ಸಕಲ ಮೃತರ ಸ್ಮರಣೆಯ ದಿನ, ಕಥೋಲಿಕ ಧರ್ಮಸಭೆಗೆ ಸೇರಲು ನಿಶ್ಚಯಿಸಿದರು. ತಾಯ್ನಾಡಿನಲ್ಲಿ ಇದರಿಂದ ಬಾಗಿಲು ಮುಚ್ಚುತ್ತದೆಂದು ಅವರಿಗೆ ಗೊತ್ತಿತ್ತು. 1672ರಲ್ಲಿ ಡೆನ್ಮಾರ್ಕಿನ ಅರಸ ಕರೆಸಿಕೊಂಡು ರಾಜ ಅಂಗರಚನಾಕಾರ ಎಂಬ ಹುದ್ದೆ ಕೊಟ್ಟನಾದರೂ, ಕಥೋಲಿಕರಾದ್ದರಿಂದ ಪ್ರಾಧ್ಯಾಪಕರ ಪೀಠ ಸಿಗಲಿಲ್ಲ. ಎರಡು ವರ್ಷದಲ್ಲಿ ಫ್ಲಾರೆನ್ಸಿಗೆ ಹಿಂದಿರುಗಿದರು. 1675ರ ಪಾಸ್ಕ ಕಾಲದಲ್ಲಿ ಯಾಜಕರಾದರು. 1677ರಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾಗಿ, ಕಥೋಲಿಕರು ಚದುರಿಹೋಗಿದ್ದ ಉತ್ತರ ಯೂರೋಪಿನ ಮಿಷನ್ ಹೊಣೆ ಹೊತ್ತು ಜರ್ಮನಿಯ ಹ್ಯಾನೋವರಿಗೆ ಹೋದರು.

ಹ್ಯಾನೋವರಿನಲ್ಲಿ ಆಗ ಪ್ರಸಿದ್ಧ ಗಣಿತಜ್ಞ ಲೈಬ್ನಿಟ್ಸ್ ಇದ್ದ. ಇಷ್ಟು ದೊಡ್ಡ ವಿಜ್ಞಾನಿ ವಿಜ್ಞಾನವನ್ನು ಬಿಟ್ಟರಲ್ಲಾ ಎಂದು ಅವನಿಗೆ ತುಂಬ ಸಂಕಟ. ಅವನೊಬ್ಬನೇ ಅಲ್ಲ, ಇಂದಿನವರೆಗೂ ಎಷ್ಟೋ ಮಂದಿ ಹಾಗೆಯೇ ಹೇಳುತ್ತ ಬಂದಿದ್ದಾರೆ. ನನಗನ್ನಿಸುವುದು ಬೇರೆ. 20ರಿಂದ 35ರೊಳಗೆ ಮೂರು ಜನ್ಮಕ್ಕಾಗುವಷ್ಟು ಕೆಲಸ ಮಾಡಿ ಮುಗಿಸಿದವರ ಮೇಲೆ ಇನ್ನೂ ಬೇಕಿತ್ತು ಎಂದು ಲೆಕ್ಕ ಕೇಳುವ ಹಕ್ಕು ನಮಗಿಲ್ಲ. ಆದರೂ ಅವರ ಕೊನೆಯ ದಿನಗಳನ್ನು ನೆನೆದಾಗ ಲೈಬ್ನಿಟ್ಸನ ಸಂಕಟವೂ ಅರ್ಥವಾಗುತ್ತದೆ.

ಧರ್ಮಾಧ್ಯಕ್ಷರಾದ ಮೇಲೆ ಅವರ ಬಾಳು ಬಡವರ ಬಾಳು. ಸಾರೋಟು, ಆಳುಕಾಳು ಯಾವುದೂ ಬೇಡ. ಉಂಗುರವನ್ನೂ ಎದೆಯ ಶಿಲುಬೆಯನ್ನೂ ಮಾರಿ ದರಿದ್ರರಿಗೆ ಹಂಚಿದರು. ಹಳೆಯ ಮೇಲಂಗಿಯೇ ಚಳಿಗೂ ಮಳೆಗೂ. 1680ರಲ್ಲಿ ಮ್ಯೂನ್‌ಸ್ಟರ್ ನಗರದ ಸಹಾಯಕ ಧರ್ಮಾಧ್ಯಕ್ಷರಾದರು. ಮೂರು ವರ್ಷದ ನಂತರ ಅಲ್ಲಿ ಹೊಸ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಹಣ ಓಡಾಡಿತೆಂದು ಪ್ರತಿಭಟಿಸಿ ಊರನ್ನೇ ಬಿಟ್ಟರು. ಹ್ಯಾಂಬರ್ಗ್, ಆಮೇಲೆ 1685ರಲ್ಲಿ ಶ್ವೆರಿನ್ ಎಂಬ ಸಣ್ಣ ಊರು. ಅಲ್ಲಿನ ಬೆರಳೆಣಿಕೆಯ ಕಥೋಲಿಕರಿಗೆ ಒಬ್ಬ ಸಾಮಾನ್ಯ ಗುರುವಿನಂತೆ ಸೇವೆ ಮಾಡಿದರು. ಉಪವಾಸ ಮಾತ್ರ ಕಠಿಣ. ವಾರದಲ್ಲಿ ಹಲವು ದಿನ ಸರಿಯಾದ ಊಟವೇ ಇಲ್ಲ. ದೇಹ ಕಡ್ಡಿಯಾಗಿತ್ತು.

1686ರ ಚಳಿಗಾಲ ಕಾಲಿಡುತ್ತಿದ್ದಂತೆ ಹೊಟ್ಟೆನೋವು ಬಂತು. ಬಂದದ್ದು ಹೋಗಲಿಲ್ಲ. ಹೊಟ್ಟೆ ಊದಿಕೊಂಡು ಬಿಗಿಯಾಯಿತು. ಪಿತ್ತಕೋಶದ ಕಲ್ಲೇ ಕಾರಣವೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಯೋಚಿಸಿ ನೋಡಿ: ಪಿತ್ತ ಎಲ್ಲಿಂದ ಹುಟ್ಟಿ ಯಾವ ನಾಳದಲ್ಲಿ ಇಳಿದು ಎಲ್ಲಿ ಸೇರುತ್ತದೆಂದು ಯೂರೋಪಿನ ಯಾವ ವೈದ್ಯನಿಗಿಂತಲೂ ಕಡಿಮೆಯಿಲ್ಲದಂತೆ ತಿಳಿದವರು, ಆ ನಾಳ ಕಟ್ಟಿಕೊಂಡು ಒದ್ದಾಡುತ್ತಿದ್ದಾರೆ. ನೋವು ಎಲ್ಲಿದೆಯೆಂದು ಗೊತ್ತು. ತೆಗೆಯುವ ಕೈ ಎಲ್ಲೂ ಇಲ್ಲ. ಆ ಕಾಲದ ಚಿಕಿತ್ಸೆಯೆಂದರೆ ರಕ್ತ ಬಿಡುವುದು, ಭೇದಿಗೆ ಕೊಡುವುದು, ಖನಿಜ ನೀರು ಕುಡಿಸುವುದು. ಅರಿವಳಿಕೆಯಿಲ್ಲದೆ, ನಂಜು ತಡೆಯುವ ಉಪಾಯವಿಲ್ಲದೆ ಹೊಟ್ಟೆ ಕೊಯ್ದರೆ ಸಾವೇ ಗತಿ. ಪ್ರಾರ್ಥಿಸುತ್ತಲೇ, ಜೊತೆಗಿದ್ದವರನ್ನು ಸಮಾಧಾನಪಡಿಸುತ್ತಲೇ ಡಿಸೆಂಬರ್ 5ರಂದು ಅವರು ಪ್ರಾಣ ಬಿಟ್ಟರು.

ಇದರಲ್ಲೊಂದು ವಿಪರ್ಯಾಸವಿದೆ. ಅದಕ್ಕೆ ಆರು ವರ್ಷ ಮೊದಲು, 1680ರಲ್ಲಿ, ಅವರದೇ ಪ್ರೀತಿಯ ಫ್ಲಾರೆನ್ಸಿನಲ್ಲಿ ಜಾಂಬೆಕ್ಕಾರಿ ಎಂಬ ವೈದ್ಯ ನಾಯಿಗಳ ಒಳ ಅಂಗಗಳನ್ನು ಒಂದೊಂದಾಗಿ ತೆಗೆದು ನೋಡಿ, ಪಿತ್ತಕೋಶವಿಲ್ಲದೆಯೂ ನಾಯಿ ಬದುಕುತ್ತದೆಂದು ಬರೆದಿದ್ದ. ಪುಸ್ತಕವನ್ನು ಅರ್ಪಿಸಿದ್ದು ಸ್ಟೆನೊ ಅವರ ಹಳೆಯ ಗೆಳೆಯ ರೇದಿಗೆ. ಆ ವಿಷಯ ಮನುಷ್ಯನಿಗೆ ಅನ್ವಯವಾಗಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

1846ರಲ್ಲಿ ಈಥರ್ ಅರಿವಳಿಕೆ ಬಂತು. 1867ರಲ್ಲಿ ಲಿಸ್ಟರ್ ನಂಜು ತಡೆಯುವ ವಿಧಾನ ಪ್ರಕಟಿಸಿದ. 1882ರ ಜುಲೈ 15ರಂದು ಬರ್ಲಿನ್ ನಗರದ ಲಾಜರಸ್ ಆಸ್ಪತ್ರೆಯಲ್ಲಿ ಕಾರ್ಲ್ ಲಾಂಗೆನ್‌ಬುಕ್ ಎಂಬ ಸರ್ಜನ್, 16 ವರ್ಷ ನೋವು ತಿಂದಿದ್ದ 43 ವರ್ಷದ ಒಬ್ಬ ರೋಗಿಯ ಪಿತ್ತಕೋಶವನ್ನೇ ತೆಗೆದುಹಾಕಿದರು. ಅದಕ್ಕೂ ಮೊದಲು ಶವಗಳ ಮೇಲೆ ಹಲವು ವರ್ಷ ಅಭ್ಯಾಸ ಮಾಡಿದ್ದರು. ಬರೀ ಕಲ್ಲು ತೆಗೆದರೆ ಸಾಲದು, ಕಲ್ಲು ಹುಟ್ಟಿಸುವ ಚೀಲವನ್ನೇ ತೆಗೆಯಬೇಕು ಎಂಬುದು ಅವರ ವಾದ. ಪಿತ್ತಕೋಶವಿಲ್ಲದೆ ಬದುಕುವುದು ಹೇಗೆ ಎಂದರೆ, ಆನೆಗೆ ಪಿತ್ತಕೋಶವೇ ಇಲ್ಲ, ಕುದುರೆಗೂ ಇಲ್ಲ; ಅವೆರಡೂ ಬಲಕ್ಕೇನು ಕಡಿಮೆಯೇ? ರೋಗಿ ಆರು ವಾರದಲ್ಲಿ ಮನೆಗೆ ಹೋದ. ನಮ್ಮ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಸಂತ ಮಾರ್ತಾ ಆಸ್ಪತ್ರೆ ಆರಂಭಿಸಿದ್ದು 1886ರಲ್ಲಿ, ಅಂದರೆ ಸ್ಟೆನೊ ತೀರಿಕೊಂಡು ಸರಿಯಾಗಿ 200 ವರ್ಷಕ್ಕೆ.

ಆಮೇಲಿನದು ವೇಗವಾಗಿ ಓಡಿತು. 1935ರಲ್ಲಿ ನ್ಯೂಯಾರ್ಕಿನ ವಿಪ್ಪಲ್, ಮೇದೋಜೀರಕದ ತಲೆಯ ಭಾಗದ ಗಡ್ಡೆಯನ್ನು ಅಕ್ಕಪಕ್ಕದ ಕರುಳು, ಪಿತ್ತನಾಳ ಸಮೇತ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. 1957ರಲ್ಲಿ ಫ್ರಾನ್ಸಿನ ಕ್ವಿನೊ, ಲಿವರ್ ಒಂದೇ ಮುದ್ದೆಯಲ್ಲ, ತಂತಮ್ಮ ರಕ್ತನಾಳ, ಪಿತ್ತನಾಳಗಳಿರುವ ಎಂಟು ಭಾಗಗಳು ಎಂದು ತೋರಿಸಿದರು. ಅದರಿಂದಲೇ ಕೆಟ್ಟ ಭಾಗವನ್ನಷ್ಟೇ ಕೊಯ್ದು ಉಳಿದದ್ದನ್ನು ಉಳಿಸಲು ಸಾಧ್ಯವಾಯಿತು. ಆರೋಗ್ಯವಂತ ಲಿವರಾದರೆ ಅರ್ಧಕ್ಕಿಂತ ಹೆಚ್ಚು ಕೊಯ್ದರೂ ಉಳಿದದ್ದು ಕೆಲವು ವಾರ, ತಿಂಗಳಲ್ಲಿ ಮತ್ತೆ ಬೆಳೆದು ತುಂಬಿಕೊಳ್ಳುತ್ತದೆ. ಬಾರ್ಥೊಲಿನ್ ಬರೆದ ಸಮಾಧಿ ಲೇಖನ ನೆನಪಿದೆಯಲ್ಲ! 1963ರಲ್ಲಿ ಅಮೆರಿಕದ ಸ್ಟಾರ್ಜಲ್ ಮೊದಲ ಬಾರಿಗೆ ಮನುಷ್ಯನಿಗೆ ಲಿವರ್ ಕಸಿ ಪ್ರಯತ್ನಿಸಿದರು. ಭಾರತದಲ್ಲಿ ಮೊದಲ ಯಶಸ್ವಿ ಲಿವರ್ ಕಸಿ ಆದದ್ದು 1998ರಲ್ಲಿ, ದೆಹಲಿಯಲ್ಲಿ, ಒಂದು ಪುಟ್ಟ ಮಗುವಿಗೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರದ ಮೂಲಕ ಪಿತ್ತಕೋಶ ತೆಗೆದಾಗ ಅಲ್ಲಿನ ಸರ್ಜನ್‌ಗಳ ಸಂಘ ಅದನ್ನು ಹಗುರವಾಗಿ ಕಂಡಿತು. 1992ರಲ್ಲಿ ಅದೇ ಸಂಘ ಅವರಿಗೆ ಗೌರವ ಸಲ್ಲಿಸಿತು. ಆಂಸ್ಟರ್‌ಡ್ಯಾಮಿನ ಪ್ರಾಧ್ಯಾಪಕರ ಮನೆಯ ಜಗಳ ಹೊಸದೇನಲ್ಲ ನೋಡಿ. ನಮ್ಮ ದೇಶದಲ್ಲಿ ಈ ವಿಧಾನ 1990ರಲ್ಲಿ ಮುಂಬಯಿಗೆ ಬಂತು, ಡಾ. ಉದ್ವಾಡಿಯಾ ಅವರ ಕೈಯಿಂದ.

ಕುಟುಂಬದ ಪುಟವಾದ್ದರಿಂದ ಮನೆಯ ಮಾತೂ ಒಂದೆರಡು. ದೀರ್ಘ ಉಪವಾಸ, ಹಠಾತ್ತನೆ ತೂಕ ಇಳಿಸುವುದು, ಇವು ಪಿತ್ತ ನಿಂತು ಕಲ್ಲಾಗಲು ಒಂದು ಕಾರಣವೆಂದು ಈಗ ವೈದ್ಯರು ಹೇಳುತ್ತಾರೆ. ಸ್ಟೆನೊ ಅವರಿಗೆ ಹಾಗೆಯೇ ಆಯಿತೆಂದು ಯಾರೂ ಸಾಧಿಸಲಾಗದು. ಆದರೆ ತಪಸ್ಸು ಕಾಲದಲ್ಲಿ ಕಾಯಿಲೆಯವರು, ವಯಸ್ಸಾದವರು ತಮ್ಮ ವೈದ್ಯರನ್ನೂ ಗುರುಗಳನ್ನೂ ಕೇಳಿಯೇ ಉಪವಾಸ ಮಾಡಿ. ಧರ್ಮಸಭೆ ಅವರಿಗೆ ವಿನಾಯಿತಿ ಕೊಟ್ಟೇ ಇದೆ. ಇನ್ನೊಂದು, ಕಣ್ಣು ಹಳದಿಯಾದ ಕೂಡಲೇ ಕಾಮಾಲೆಗೆ ನಾಟಿ ಔಷಧಿ ಕುಡಿಸಿ, ಪಥ್ಯ ಮಾಡಿಸಿ ತಿಂಗಳುಗಟ್ಟಲೆ ಕಾಯುವ ವಾಡಿಕೆ ನಮ್ಮಲ್ಲಿದೆ. ಕೆಲವು ಕಾಮಾಲೆ ತಾನಾಗಿಯೇ ಇಳಿಯುವುದರಿಂದ ಔಷಧಿಗೆ ಹೆಸರು ಬರುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ, ಮೇದೋಜೀರಕದಲ್ಲಿ ಗಡ್ಡೆಯಿದ್ದರೆ, ಯಾವ ಬೇರು ಸೊಪ್ಪಿನಿಂದಲೂ ಆ ತಡೆ ತೆರೆಯುವುದಿಲ್ಲ. ನೋವಿಲ್ಲದೆ ಏರುತ್ತಿರುವ ಹಳದಿ, ಬಿಳಿಚಿಕೊಂಡ ಮಲ, ಮೈ ತುರಿಕೆ, ಅಥವಾ ಹಳದಿಯ ಜೊತೆಗೆ ಚಳಿಜ್ವರ ಮತ್ತು ಬಲಪಕ್ಕೆಯ ನೋವು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಗಡ್ಡೆಯಾದರೆ ತೆಗೆಯಬಹುದಾದ ಹಂತ ಕೆಲವೇ ವಾರಗಳಲ್ಲಿ ಕೈತಪ್ಪಿಹೋಗಬಹುದು. ಹಾಗೆಂದು ಸ್ಕ್ಯಾನಿಂಗಿನಲ್ಲಿ ಅಕಸ್ಮಾತ್ ಕಂಡ, ಯಾವ ತೊಂದರೆಯನ್ನೂ ಕೊಡದ ಕಲ್ಲಿಗೆಲ್ಲ ಆಪರೇಷನ್ ಬೇಕಾಗಿಲ್ಲ. ಗಾಬರಿ ಬೇಡ, ಕೇಳಿ ತಿಳಿದುಕೊಳ್ಳಿ.

ಸ್ಟೆನೊ ಅವರ ದೇಹವನ್ನು ಮೆದಿಚಿ ಅರಸ ಮೂರನೇ ಕೋಸಿಮೊ ಫ್ಲಾರೆನ್ಸಿಗೆ ತರಿಸಿ ಸಂತ ಲಾರೆನ್ಸರ ದೇವಾಲಯದಲ್ಲಿ ಸಮಾಧಿ ಮಾಡಿಸಿದರು. 1953ರಲ್ಲಿ ಅವಶೇಷಗಳನ್ನು ಅದೇ ದೇವಾಲಯದ ಒಂದು ಕಿರುಮಂದಿರದಲ್ಲಿ, ಆದಿ ಕ್ರೈಸ್ತರ ಕಾಲದ ಕಲ್ಲಿನ ಪೆಟ್ಟಿಗೆಯೊಂದರಲ್ಲಿ ಇಡಲಾಯಿತು. 1988ರ ಅಕ್ಟೋಬರ್ 23ರಂದು ವಿಶ್ವಗುರು ಎರಡನೇ ಜಾನ್ ಪೌಲರು ರೋಮಿನಲ್ಲಿ ಅವರನ್ನು ಧನ್ಯರೆಂದು ಸಾರಿದರು. ಅವರು ಔಷಧಿ ತರಲು ಹೋಗುತ್ತಿದ್ದ ಸಾಂತಾ ಮರಿಯಾ ನೋವಾ ಆಸ್ಪತ್ರೆ ಆ ಸಮಾಧಿಯಿಂದ ನಡೆದು ಹೋಗುವಷ್ಟೇ ದೂರ. 1288ರಲ್ಲಿ ಆರಂಭವಾದ ಅದು ಇಂದಿಗೂ ರೋಗಿಗಳನ್ನು ನೋಡುತ್ತಿದೆ.